ನೀರಿನ ರಾಕೆಟ್, ಗುರುವಿನ ಚಂದ್ರರು, ಉಪಗ್ರಹದ ದನಿ: ಹೈಸ್ಕೂಲ್ ಮಕ್ಕಳಿಗೆ ಯಾವುದು?

ರಾಕೆಟ್ ಹಾರಿಸಿದ ದಿನ ಮೈದಾನದ ತುಂಬ ಕೇಕೆ, ಚಪ್ಪಾಳೆ. ಮರುದಿನ ತರಗತಿಯಲ್ಲಿ ಕ್ರಿಯೆ–ಪ್ರತಿಕ್ರಿಯೆ ಬಗ್ಗೆ ಕೇಳಿದರೆ ಅದೇ ಉರುಹೊಡೆದ ಸಾಲು. ಬಾಹ್ಯಾಕಾಶ ತೋರಿಸಿ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತಿಸಲು ಹೊರಟವರು ಎಡವುವುದು ಇಲ್ಲೇ. ಹಾಗಾಗಿ ನೀರಿನ ರಾಕೆಟ್, ಸಣ್ಣ ಟೆಲಿಸ್ಕೋಪಿನಲ್ಲಿ ಗುರುಗ್ರಹದ ಚಂದ್ರರು, ರೇಡಿಯೋದಲ್ಲಿ ಉಪಗ್ರಹದ ಸಂಕೇತ ಈ ಮೂರನ್ನೂ ಒಂದೇ ಒರೆಗಲ್ಲಿಗೆ ಹಚ್ಚೋಣ: ಮಗುವಿನ ನೋಟ್‌ಬುಕ್ಕಿನಲ್ಲಿ ತಾನೇ ಅಳೆದ ಒಂದು ಸಂಖ್ಯೆ ಬಿತ್ತೇ? ಅದು ತಪ್ಪಾಗಿದ್ದರೆ ಯಾಕೆ ತಪ್ಪಿತು ಅಂತ ಹುಡುಕಲು ದಾರಿ ಇದೆಯೇ?

ನೀರಿನ ರಾಕೆಟ್

ಬಾಟಲಿ 2 ಲೀಟರಿನದು, ಗ್ಯಾಸ್ ತುಂಬಿದ ತಂಪು ಪಾನೀಯದ್ದೇ ಆಗಬೇಕು. ಕುಡಿಯುವ ನೀರಿನ ಬಾಟಲಿಯ ಗೋಡೆ ತೆಳು, ಒತ್ತಡ ತಡೆಯದು. ಮಾಪಕ ಇರುವ ಸೈಕಲ್ ಪಂಪ್, ಮೂರು ರೆಕ್ಕೆಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ, ಮೂತಿಗೆ 60–80 ಗ್ರಾಂ ಜೇಡಿಮಣ್ಣು, ಹಗ್ಗ ಎಳೆದಾಗ ಬಾಟಲಿಯನ್ನು ಬಿಡುವ ಲಾಂಚರ್. ನೀರು 650 ಮಿ.ಲೀ., ಅಂದರೆ ಬಾಟಲಿಯ ಮೂರನೇ ಒಂದು ಭಾಗ. ಒತ್ತಡ 4 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ). 5 ದಾಟಿಸುವುದು ಬೇಡ.

ಹೆಚ್ಚಿನವರು ಲಾಂಚರ್ ಬದಲು ಬಾಯಿಗೆ ಬಿರಡೆ ಗಿಡಿದು, ಅದರಲ್ಲಿ ಸೂಜಿ ಚುಚ್ಚಿ ಗಾಳಿ ಹೊಡೆಯುತ್ತಾರೆ. ರಾಕೆಟ್ಟೇನೋ ಹಾರುತ್ತದೆ. ಆದರೆ ಬಿರಡೆ ಯಾವ ಒತ್ತಡದಲ್ಲಿ ಕಳಚುತ್ತದೆ ಎಂಬುದು ಅದನ್ನು ಎಷ್ಟು ಬಿಗಿಯಾಗಿ ಒತ್ತಿದ್ದೀರಿ, ಅದು ಎಷ್ಟು ಒದ್ದೆಯಾಗಿದೆ ಎಂಬುದರ ಮೇಲೆ ಹೋಗುತ್ತದೆ. ಒಂದು ಸಲ 1.5 ಬಾರ್, ಇನ್ನೊಂದು ಸಲ 2.5. ಒತ್ತಡವೇ ಕೈಗೆ ಸಿಗದ ಮೇಲೆ ಗ್ರಾಫ್ ಎಲ್ಲಿಂದ ಬರಬೇಕು? ಬಿರಡೆ ವಿಧಾನ ಶಾಲಾ ವಾರ್ಷಿಕೋತ್ಸವಕ್ಕೆ ಸರಿ, ಪಾಠಕ್ಕಲ್ಲ.

ಎರಡನೇ ತಪ್ಪು ಅಂಟಿನದು. ಗ್ಲೂ ಗನ್ನಿನ ಬಿಸಿ ಅಂಟು ತಗುಲಿದ ಕಡೆ ಪೆಟ್ ಪ್ಲಾಸ್ಟಿಕ್ ಮೆದುವಾಗಿ ಸೊಟ್ಟಗಾಗುತ್ತದೆ, ಬಾಟಲಿ ಒಡೆಯುವುದು ಅಲ್ಲೇ. ರೆಕ್ಕೆಯನ್ನು ಟೇಪಿನಿಂದ ಕೂರಿಸಿ. ಹೊಸ ಬಾಟಲಿಯನ್ನು ಮೊದಲು ಬಾಯಿಮಟ್ಟ ನೀರು ತುಂಬಿಸಿ ಒತ್ತಡಕ್ಕೆ ಪರೀಕ್ಷಿಸಬೇಕು. ನೀರು ಅಷ್ಟಾಗಿ ಕುಗ್ಗುವುದಿಲ್ಲ, ಅದರಲ್ಲಿ ಶಕ್ತಿ ಕೂಡಿರುವುದಿಲ್ಲ. ಬಾಟಲಿ ಒಡೆದರೂ ಬರೀ ನೀರು ಚೆಲ್ಲುತ್ತದೆ, ಚೂರು ಸಿಡಿಯುವುದಿಲ್ಲ. ನೆಲಕ್ಕೆ ಬಡಿದು ಬಿಳಿ ಗೆರೆ ಮೂಡಿದ ಬಾಟಲಿ ಕಸಕ್ಕೆ. ಗಾಳಿ ಹೊಡೆಯುವವರ ಕಣ್ಣಿಗೆ ಕನ್ನಡಕ, ಉಳಿದವರು 10 ಮೀಟರ್ ಆಚೆ.

ಮೇಲೇರಿದ ರಾಕೆಟ್ ಲಾಗ ಹೊಡೆದರೆ ಗುರುತ್ವ ಕೇಂದ್ರ ಹಿಂದೆ ಉಳಿದಿದೆ ಎಂದರ್ಥ. ನೀರಿಲ್ಲದ ರಾಕೆಟ್ಟನ್ನು ಅದು ಸಮತೂಗುವ ಬಿಂದುವಿನಲ್ಲಿ ದಾರ ಕಟ್ಟಿ, ಎರಡು ಮೀಟರ್ ದಾರದಲ್ಲಿ ತಲೆಯ ಮೇಲೆ ಗಿರಗಿರನೆ ತಿರುಗಿಸಿ. ಮೂತಿ ಮುಂದಾಗಿ ಸುತ್ತಿದರೆ ಸರಿ. ಅಡ್ಡಡ್ಡ ಹೊರಳಿದರೆ ಮೂತಿಗೆ ಇನ್ನಷ್ಟು ಮಣ್ಣು ಸೇರಿಸಿ, ಇಲ್ಲವೇ ರೆಕ್ಕೆ ಹಿಂದಕ್ಕೆ ಸರಿಸಿ.

ಎಲ್ಲ ಸರಿ ಹೋದಾಗ ನಡೆಯುವುದು ಇಷ್ಟು: 4 ಬಾರ್ ಒತ್ತಡ, ಸುಮಾರು 22 ಮಿ.ಮೀ. ಅಗಲದ ಬಾಯಿ. ನೀರು ಸೆಕೆಂಡಿಗೆ 28 ಮೀಟರ್ ವೇಗದಲ್ಲಿ ಹೊರಬೀಳಲು ಶುರುವಾಗುತ್ತದೆ, ತಳ್ಳುಬಲ ಸುಮಾರು 300 ನ್ಯೂಟನ್. ನೀರು ಸೇರಿ ರಾಕೆಟ್ಟಿನ ತೂಕ 8 ನ್ಯೂಟನ್. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ನೀರು ಖಾಲಿ. ಇದನ್ನು ಕರಿಹಲಗೆಯ ಮೇಲೆ ಲೆಕ್ಕ ಹಾಕಿಸಿ ಆಮೇಲೆ ಹಾರಿಸಿದರೆ ನೋಡುವ ಕಣ್ಣೇ ಬೇರೆ.

ಈಗ ಎತ್ತರದ ಅಳತೆ. ಕೋನಮಾಪಕದ ನಡುವಿಂದ ದಾರ, ದಾರದ ತುದಿಗೆ ನಟ್ ಕಟ್ಟಿದರೆ ಉಪಕರಣ ಸಿದ್ಧ. ಲಾಂಚರಿನಿಂದ ನೀವು ನಿಂತ ದೂರವನ್ನು ಕೋನದ ಟ್ಯಾಂಜೆಂಟಿನಿಂದ ಗುಣಿಸಿ, ಕಣ್ಣಿನ ಎತ್ತರ ಕೂಡಿಸಿದರೆ ಉತ್ತರ. ಚೆನ್ನಾಗಿ ಕಾಣಲಿ ಅಂತ ಮಕ್ಕಳು ಹತ್ತಿರ ನಿಲ್ಲುತ್ತಾರೆ, ಲೆಕ್ಕ ಕೆಡುವುದು ಅದರಿಂದಲೇ. ರಾಕೆಟ್ 40 ಮೀಟರ್ ಏರಿತು, ಗಾಳಿಗೆ 5 ಮೀಟರ್ ನಿಮ್ಮತ್ತ ವಾಲಿತು ಅಂದುಕೊಳ್ಳಿ. 15 ಮೀಟರ್ ದೂರದಲ್ಲಿ ನಿಂತವರ ಲೆಕ್ಕದಲ್ಲಿ ಅದು 60 ಮೀಟರ್ ಆಗುತ್ತದೆ. 40 ಮೀಟರ್ ದೂರದಲ್ಲಿ ನಿಂತವರಿಗೆ 46 ಮಾತ್ರ. ಎದುರುಬದುರು ಇಬ್ಬರನ್ನು ನಿಲ್ಲಿಸಿ. ಇಬ್ಬರ ಉತ್ತರದ ವ್ಯತ್ಯಾಸವೇ ರಾಕೆಟ್ ಎತ್ತ ವಾಲಿತೆಂದು ಹೇಳುತ್ತದೆ. ಒತ್ತಡವನ್ನು 4 ಬಾರಿನಲ್ಲೇ ಇಟ್ಟು ನೀರನ್ನು 200 ಮಿ.ಲೀ.ಯಿಂದ 1200ರವರೆಗೆ ಇನ್ನೂರಿನ್ನೂರು ಏರಿಸುತ್ತ, ಪ್ರತಿ ಅಳತೆಗೆ ಮೂರು ಸಲ ಹಾರಿಸಿದರೆ ಒಟ್ಟು 18 ಉಡಾವಣೆ. ಗ್ರಾಫ್ ನಡುವೆ ಉಬ್ಬುತ್ತದೆ. ನೀರು ಹೆಚ್ಚಾದಷ್ಟೂ ಎತ್ತರ ಹೆಚ್ಚು ಎಂದು ಪಂದ್ಯ ಕಟ್ಟಿದವರು ಸೋಲುತ್ತಾರೆ, ಮಾತು ಶುರುವಾಗುವುದು ಅಲ್ಲಿಂದ.

ಗುರುವಿನ ಚಂದ್ರರು

1610ರ ಜನವರಿ 7ರ ರಾತ್ರಿ ಗೆಲಿಲಿಯೋ ಗುರುಗ್ರಹದ ಪಕ್ಕ ಮೂರು ಚುಕ್ಕಿ ಕಂಡ; ಎರಡು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಮರುದಿನ ಮೂರೂ ಪಶ್ಚಿಮದಲ್ಲಿದ್ದವು. ನಾಲ್ಕನೆಯದು ಕಂಡಿದ್ದು 13ರಂದು. ಅವನ ಟೆಲಿಸ್ಕೋಪು ಸುಮಾರು 20 ಪಟ್ಟು ಹಿಗ್ಗಿಸುತ್ತಿತ್ತು. ಇವತ್ತಿನ ಅಗ್ಗದ 60–70 ಮಿ.ಮೀ. ಟೆಲಿಸ್ಕೋಪು ಅದಕ್ಕಿಂತ ಎಷ್ಟೋ ಮೇಲು. ಆದರೂ ಬಹಳಷ್ಟು ಶಾಲೆಗಳಲ್ಲಿ ಅದು ಕಪಾಟಿನೊಳಗೇ ಕೂತಿರುತ್ತದೆ. ಕಾರಣಗಳು ಚಿಕ್ಕವು.

ಪೆಟ್ಟಿಗೆಯ ಮೇಲೆ 500 ಪಟ್ಟು ಎಂದು ಬರೆದಿರುತ್ತದೆ. ವಸ್ತುಕ ಮಸೂರದ (ಕೊಳವೆಯ ಮುಂದಿನ ದೊಡ್ಡ ಮಸೂರದ) ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟೇ ಉಪಯೋಗಕ್ಕೆ ಬರುವ ಗರಿಷ್ಠ ಮಿತಿ, 70 ಮಿ.ಮೀ.ಗೆ 140. ಅದಕ್ಕೂ ಮೇಲೆ ಹೋದರೆ ಬರೀ ಮಬ್ಬು. 700 ಮಿ.ಮೀ. ನಾಭಿದೂರಕ್ಕೆ 20 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿ, 35 ಪಟ್ಟು ಸಿಗುತ್ತದೆ, ಸಾಕು. ಫೈಂಡರನ್ನು (ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ದುರ್ಬೀನನ್ನು) ಹಗಲಲ್ಲೇ ಅರ್ಧ ಕಿಲೋಮೀಟರಿಗಿಂತ ದೂರದ ಕಂಬವೊಂದಕ್ಕೆ ಹೊಂದಿಸಿಡಿ. ಕತ್ತಲಲ್ಲಿ ಇದನ್ನು ಮಾಡಲು ಹೋದವರು ಒಂದು ಗಂಟೆ ಕಳೆದುಕೊಳ್ಳುತ್ತಾರೆ, ಸಾಲಲ್ಲಿ ನಿಂತ ಮಕ್ಕಳು ತಾಳ್ಮೆ ಕಳೆದುಕೊಳ್ಳುತ್ತಾರೆ. ಹಗಲಲ್ಲಿ ಹೊಂದಿಸುವಾಗ ಸೂರ್ಯನತ್ತ ಮಾತ್ರ ಕೊಳವೆ ತಿರುಗಲೇಬಾರದು.

ಸ್ಟ್ಯಾಂಡಿನ ಕಾಲುಗಳನ್ನು ಪೂರ್ತಿ ಎಳೆಯಬೇಡಿ. ನಡುವೆ ಎರಡು ಮೂರು ಕಿಲೋ ಭಾರದ ಚೀಲ ತೂಗುಬಿಡಿ, ನಡುಕ ಬೇಗ ಅಡಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಗುರು ನಿಲ್ಲುವುದಿಲ್ಲ: ನೋಟದ ಅಗಲ 1.25 ಡಿಗ್ರಿ ಇದ್ದರೆ ಈ ಅಂಚಿನಿಂದ ಆ ಅಂಚಿಗೆ 5 ನಿಮಿಷ. ಮಕ್ಕಳಿಗೆ ತಲಾ ಒಂದು ನಿಮಿಷ ಕೊಟ್ಟರೆ ನಾಲ್ಕು ಜನಕ್ಕೊಮ್ಮೆ ಮತ್ತೆ ಗುರಿ ಹಿಡಿಯಬೇಕು. ಇನ್ನು ನಿರಾಸೆಯ ವಿಚಾರ. ಗುರು ಹತ್ತಿರ ಇರುವಾಗ 40 ಪಟ್ಟಿನಲ್ಲಿ ಕಾಣುವ ಅದರ ಬಿಲ್ಲೆ, ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನಷ್ಟೇ. ಇಂಟರ್‌ನೆಟ್ಟಿನ ಬಣ್ಣದ ಚಿತ್ರ ತಲೆಯಲ್ಲಿಟ್ಟುಕೊಂಡು ಬಂದವರಿಗೆ ‘ಇಷ್ಟೇನಾ’ ಅನಿಸುತ್ತದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ನೋಡಬೇಕಾದ್ದು ಬಿಲ್ಲೆಯನ್ನಲ್ಲ, ಪಕ್ಕದ ಚುಕ್ಕಿಗಳನ್ನು.

ಪ್ರತಿ ಮಗುವೂ ಗುರುವಿನ ವ್ಯಾಸವನ್ನೇ ಅಳತೆಗೋಲು ಮಾಡಿಕೊಂಡು ಚುಕ್ಕಿಗಳ ದೂರ ಬರೆದುಕೊಳ್ಳಬೇಕು, ಜೊತೆಗೆ ದಿನಾಂಕ, ಗಂಟೆ. ಇಲ್ಲೊಂದು ಬಲೆ ಇದೆ. ಐಪೀಸಿನ ಕೆಳಗೆ 90 ಡಿಗ್ರಿ ಕನ್ನಡಿ ಇದ್ದರೆ ಎಡಬಲ ಅದಲುಬದಲಾಗುತ್ತದೆ. ಕನ್ನಡಿ ತೆಗೆದು ನೇರ ನೋಡಿದವರ ಚಿತ್ರ ಬೇರೆಯೇ ಬರುತ್ತದೆ. ಎಡ, ಬಲ ಎಂದು ಬರೆಸಲೇಬೇಡಿ. ಟೆಲಿಸ್ಕೋಪನ್ನು ಮುಟ್ಟದೆ ಬಿಡಿ, ಗುರು ಯಾವ ಅಂಚಿನಿಂದ ಆಚೆ ಜಾರುತ್ತದೋ ಅದು ಪಶ್ಚಿಮ. ಚಿತ್ರದ ಆ ಬದಿಗೆ ‘ಪ’ ಎಂದು ಗುರುತು ಹಾಕಿಸಿದರೆ ಮೂವತ್ತು ನೋಟ್‌ಬುಕ್ಕುಗಳೂ ಒಂದಕ್ಕೊಂದು ತಾಳೆಯಾಗುತ್ತವೆ.

ಯಾವ ಚುಕ್ಕಿ ಯಾವುದು ಎಂಬುದೇ ಒಗಟು. ಮೊಬೈಲ್ ಆ್ಯಪ್ ತೆರೆದು ಹೆಸರು ಹೇಳಿಬಿಟ್ಟರೆ ಅಲ್ಲಿಗೆ ಕಥೆ ಮುಗಿಯಿತು. ಮೂರು ವಾರ ಬಾಯಿ ಕಟ್ಟಿಕೊಂಡಿರಬೇಕು. ನಾಲ್ಕರಲ್ಲಿ ಗುರುವಿಗೆ ಅತಿ ಸಮೀಪದ ಚಂದ್ರ ಅಯೋ ಸುತ್ತುವುದು 1.77 ದಿನಕ್ಕೊಮ್ಮೆ, ಗುರುವಿನ ಸಮೀಪ ಹಾಯುವಾಗ ಎರಡು ಗಂಟೆಯಲ್ಲೇ ಹೆಚ್ಚುಕಡಿಮೆ ಒಂದು ಗುರುವ್ಯಾಸದಷ್ಟು ಸರಿಯುತ್ತದೆ. ಏಳು ಗಂಟೆಯ ಚಿತ್ರಕ್ಕೂ ಒಂಬತ್ತರ ಚಿತ್ರಕ್ಕೂ ಹೊಂದಿಕೆಯಾಗದಿದ್ದಾಗ ಮಗು ಮೊದಲು ತನ್ನ ಕೈಯನ್ನೇ ಅನುಮಾನಿಸುತ್ತದೆ. ಯುರೋಪಾಗೆ 3.55 ದಿನ, ಗ್ಯಾನಿಮೀಡ್‌ಗೆ 7.15, ಕ್ಯಾಲಿಸ್ಟೋಗೆ 16.69. ಕೊನೆಗೆ ಕೆಪ್ಲರನ ಮೂರನೇ ನಿಯಮ: ಅಯೋದ ದೂರ 2.95 ವ್ಯಾಸ, ಕ್ಯಾಲಿಸ್ಟೋದ್ದು 13.17. ಅವಧಿಯ ವರ್ಗವನ್ನು ದೂರದ ಘನದಿಂದ ಭಾಗಿಸಿದರೆ ಎರಡಕ್ಕೂ 0.122. ಮಕ್ಕಳ ಅಳತೆಯಲ್ಲಿ 0.10, 0.15 ಬರಬಹುದು. ದೂರವನ್ನು ಘನ ಮಾಡುವುದರಿಂದ ಶೇ. 10ರ ತಪ್ಪು ಶೇ. 30ಕ್ಕೂ ಮೇಲೆ ಹಿಗ್ಗುತ್ತದೆ ಎಂಬುದೂ ಒಂದು ಪಾಠವೇ.

ಕೊರತೆ? ರಾತ್ರಿ ಬೇಕು, ತಿಳಿ ಆಕಾಶ ಬೇಕು, ಗುರು ಸೂರ್ಯನ ಹಿಂದೆ ಇರುವ ವಾರಗಳಲ್ಲಿ ಏನೂ ಕಾಣದು. ಗುರು ಇಡೀ ರಾತ್ರಿ ಕಾಣುವ ಕಾಲ 399 ದಿನಕ್ಕೊಮ್ಮೆ ಬರುತ್ತದೆ. ಪಾಠದ ವೇಳಾಪಟ್ಟಿ ಅದಕ್ಕೆ ಹೊಂದಿಕೊಳ್ಳಬೇಕೇ ಹೊರತು ಗುರು ಹೊಂದಿಕೊಳ್ಳುವುದಿಲ್ಲ.

ಉಪಗ್ರಹದ ದನಿ

1966ರಲ್ಲಿ ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಸ್ಕೂಲಿನ ಭೌತಶಾಸ್ತ್ರ ಶಿಕ್ಷಕ ಜೆಫ್ರಿ ಪೆರ್ರಿ ಮತ್ತು ಅವರ ವಿದ್ಯಾರ್ಥಿಗಳು ಸೋವಿಯತ್ ಉಪಗ್ರಹಗಳ ಸಂಕೇತ ಕೇಳುತ್ತ, ಕಾಸ್ಮಾಸ್ 112ರ ಕಕ್ಷೆ ಸೋವಿಯತ್ತಿನ ಹೆಸರಾಂತ ಉಡಾವಣಾ ಕೇಂದ್ರ ಬೈಕನೂರಿನಿಂದ ಹೊರಟದ್ದಕ್ಕೆ ಹೊಂದುವುದಿಲ್ಲ ಎಂದು ಕಂಡುಕೊಂಡರು. ಹೊರಜಗತ್ತಿಗೆ ಗುಟ್ಟಾಗಿದ್ದ ಪ್ಲೆಸೆಟ್ಸ್ಕ್ ಉಡಾವಣಾ ಕೇಂದ್ರವನ್ನು ಬಯಲಿಗೆಳೆದದ್ದು ಒಂದು ಹೈಸ್ಕೂಲು. ಮಕ್ಕಳ ಮುಂದೆ ಇದನ್ನು ಹೇಳಿ, ಆಮೇಲೆ ಆಂಟೆನಾ ಕೈಗೆ ಕೊಡಿ.

ಈಗ ಬೇಕಾದ್ದು ಯುಎಸ್‌ಬಿ ಎಸ್‌ಡಿಆರ್ ರಿಸೀವರ್ (ಕಂಪ್ಯೂಟರಿಗೆ ಸಿಕ್ಕಿಸಿ ತಂತ್ರಾಂಶದಿಂದ ನಡೆಸುವ ರೇಡಿಯೋ), ಲ್ಯಾಪ್‌ಟಾಪ್, ಎರಡು ಲೋಹದ ಕಡ್ಡಿ, ಕೋಆಕ್ಸಿಯಲ್ ಕೇಬಲ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 145.800 ಮೆಗಾಹರ್ಟ್ಜ್‌ಗೆ ತಲಾ 49 ಸೆಂ.ಮೀ. ಕಡ್ಡಿ, ನಡುವೆ 120 ಡಿಗ್ರಿ ಕೋನ, ನೆಲಕ್ಕೆ ಸಮಾಂತರ, ತೆರೆದ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ. ನಿಲ್ದಾಣದಿಂದ ಎಸ್‌ಎಸ್‌ಟಿವಿ ಚಿತ್ರ (ರೇಡಿಯೋ ದನಿಯಾಗಿ ನಿಧಾನಕ್ಕೆ ಬರುವ ಸ್ಥಿರಚಿತ್ರ) ಬರುವುದು ಮೊದಲೇ ಪ್ರಕಟಿಸಿದ ಕೆಲವೇ ದಿನಗಳಲ್ಲಿ. ಪಿಡಿ120 ಎಂಬ ಎಸ್‌ಎಸ್‌ಟಿವಿ ವಿಧಾನದಲ್ಲಿ ಒಂದು ಚಿತ್ರಕ್ಕೆ ಎರಡು ನಿಮಿಷ ಚಿಲ್ಲರೆ, ನಿಲ್ದಾಣ ತಲೆಯ ಮೇಲೆ ಹಾಯುವುದು ಹೆಚ್ಚೆಂದರೆ ಹತ್ತು ನಿಮಿಷ. ಮಿಕ್ಕ ದಿನಗಳಲ್ಲಿ ರಷ್ಯಾದ ಮೆಟಿಯೋರ್ ಹವಾಮಾನ ಉಪಗ್ರಹಗಳು 137.9ರಲ್ಲಿ ಸಿಗುತ್ತವೆ, ಅದಕ್ಕೆ ಕಡ್ಡಿ 52–53 ಸೆಂ.ಮೀ. ಇಂಟರ್‌ನೆಟ್ಟಿನಲ್ಲಿರುವ ಬಹುಪಾಲು ಸೂಚನೆಗಳು ಅಮೆರಿಕದ ನೋವಾ 15, 18, 19 ಹವಾಮಾನ ಉಪಗ್ರಹಗಳ ಕುರಿತವು. ಆ ಮೂರೂ 2025ರಲ್ಲಿ ನಿವೃತ್ತಿಯಾದವು, ಅವನ್ನು ಹುಡುಕುತ್ತ ಕೂರಬೇಡಿ. ನೋವಾದ ಸಂಕೇತ ದುರ್ಬಲವಾದರೂ ಗೀಚುಗೀಚಾದ ಚಿತ್ರವಾದರೂ ಬರುತ್ತಿತ್ತು. ಮೆಟಿಯೋರ್ ಡಿಜಿಟಲ್, ಸಂಕೇತ ಸಾಲದಿದ್ದರೆ ಏನೂ ಬರುವುದಿಲ್ಲ.

ಕೈಕೊಡುವ ಜಾಗಗಳು: ಲ್ಯಾಪ್‌ಟಾಪಿನ ಚಾರ್ಜರ್ ಎಬ್ಬಿಸುವ ಗದ್ದಲ (ಬ್ಯಾಟರಿಯಲ್ಲೇ ಓಡಿಸಿ), ವಾರಗಟ್ಟಲೆ ಹಳೆಯ ಕಕ್ಷಾ ದತ್ತಾಂಶ, ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯವನ್ನು ಸ್ಥಳೀಯ ಸಮಯ ಎಂದುಕೊಂಡು ಕಾದು ಕೂರುವುದು, ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಪೂರ್ತಿ ಏರಿಸಿದಾಗ ಹತ್ತಿರದ ಎಫ್‌ಎಂ ಕೇಂದ್ರವೇ ರಿಸೀವರನ್ನು ತುಂಬಿಬಿಡುವುದು. ಕೇಳುವುದು ಒಂದು, ಪ್ರಸಾರ ಮಾಡುವುದು ಇನ್ನೊಂದು. ಎರಡನೆಯದಕ್ಕೆ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬೇಕೇ ಬೇಕು.

ಚಿತ್ರಕ್ಕಿಂತ ಬೆಲೆಬಾಳುವುದು ಡಾಪ್ಲರ್ ಪರಿಣಾಮ, ಅಂದರೆ ಹತ್ತಿರ ಬರುವಾಗ ಆವರ್ತನ ಏರುವುದು, ದೂರ ಸರಿಯುವಾಗ ಇಳಿಯುವುದು. ನಿಲ್ದಾಣ ಮೂಡುವಾಗ ಅದರ ಆವರ್ತನ ಸುಮಾರು 3.5 ಕಿಲೋಹರ್ಟ್ಜ್ ಮೇಲಿರುತ್ತದೆ, ಮುಳುಗುವಾಗ ಅಷ್ಟೇ ಕೆಳಗೆ. ಅಗ್ಗದ ರಿಸೀವರಿನ ಸ್ಫಟಿಕವೇ ಎರಡು ಮೂರು ಕಿಲೋಹರ್ಟ್ಜ್ ತಪ್ಪು ತೋರಿಸಬಹುದು, ಆದರೆ ಮೊದಲಿನದರಿಂದ ಕೊನೆಯದನ್ನು ಕಳೆದು ಅರ್ಧ ಮಾಡಿದರೆ ಆ ತಪ್ಪು ಹಾರಿಹೋಗುತ್ತದೆ. 3.5 ಕಿಲೋಹರ್ಟ್ಜನ್ನು 145.8 ಮೆಗಾಹರ್ಟ್ಜ್‌ನಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿದರೆ ಸೆಕೆಂಡಿಗೆ 7.2 ಕಿ.ಮೀ. ನಿಲ್ದಾಣದ ನಿಜವಾದ ವೇಗ 7.66. ಉಳಿದ ಅರ್ಧ ಕಿಲೋಮೀಟರ್ ಎಲ್ಲಿ ಹೋಯಿತು? ಭೂಮಿ ಗುಂಡಗಿರುವುದರಿಂದ, ದಿಗಂತದಲ್ಲೂ ನಿಲ್ದಾಣ ನೇರ ನಮ್ಮತ್ತ ಬರುತ್ತಿರುವುದಿಲ್ಲ, ತುಸು ಓರೆಯಾಗಿ ಬರುತ್ತಿರುತ್ತದೆ. ಆ ಓರೆಯ ಕೋನವನ್ನು ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲೇ ಬಿಡಿಸಬಹುದು.

ಯಾವುದನ್ನು ಆರಿಸುವುದು?

ಇಡೀ ತರಗತಿಯನ್ನು ಒಂದೇ ಮಧ್ಯಾಹ್ನ ತೊಡಗಿಸಬೇಕಿದ್ದರೆ ರಾಕೆಟ್ಟಿಗೆ ಸಾಟಿಯಿಲ್ಲ, ಬಿಡುವ ಲಾಂಚರ್ ಮತ್ತು ಇಬ್ಬರು ಕೋನಕಾರರು ಇದ್ದರೆ ಮಾತ್ರ. ರೇಡಿಯೋದಲ್ಲಿ ಲ್ಯಾಪ್‌ಟಾಪಿನ ಸುತ್ತ ಐದು ಮಕ್ಕಳಿಗೆ ಕೆಲಸ, ಉಳಿದವರು ಪ್ರೇಕ್ಷಕರು. ಹಿಡಿದ ಐವರಿಗೆ ಮಾತ್ರ ಅದು ಬಿಡದ ಗೀಳು. ವಿಜ್ಞಾನ ಸಂಘಕ್ಕೆ ಹೇಳಿ ಮಾಡಿಸಿದ್ದು. ಒಂದೇ ಒಂದನ್ನು ಆರಿಸಿ ಎಂದರೆ ನಮ್ಮ ಓಟು ಗುರುವಿಗೆ. ಅದು ನಿಧಾನ, ಅಲ್ಲಿ ಸದ್ದಿಲ್ಲ, ಮೊದಲ ರಾತ್ರಿ ಅರ್ಧ ಮಕ್ಕಳು ಆಕಳಿಸುತ್ತಾರೆ. ಆದರೆ ನಾಳೆ ಆ ಚುಕ್ಕಿ ಎಲ್ಲಿರುತ್ತದೆ ಎಂಬ ಕುತೂಹಲ ಮನೆಯವರೆಗೂ ಹಿಂಬಾಲಿಸುತ್ತದೆ. ಇದು ಬೇರೆರಡರಲ್ಲಿ ಇಲ್ಲ.

ಮೋಡ ಕವಿದ ವಾರಕ್ಕೆ, ಉಲ್ಕೆ ಬಡಿದು ಕುಳಿ ಮೂಡುವುದರ ಮಾದರಿಯಾಗಿ ಮರಳಿನ ತಟ್ಟೆ ಇರಲಿ. 10 ಸೆಂ.ಮೀ. ಆಳಕ್ಕೆ ಜರಡಿ ಹಿಡಿದ ಒಣ ಮರಳು, ಮೇಲೆ ಬಣ್ಣದ ಪುಡಿಯ ತೆಳು ಪದರ, ಒಂದು ಉಕ್ಕಿನ ಗುಂಡು. ಮೈದಾ ಹಿಟ್ಟು ಬೇಡ, ಮೊದಲ ಏಟಿಗೇ ಗಟ್ಟಿಯಾಗಿ ಎರಡನೇ ಕುಳಿ ಚಿಕ್ಕದಾಗುತ್ತದೆ. ಮರಳನ್ನೂ ಪ್ರತಿ ಸಲ ಕೆದಕಿ ಸಡಿಲಿಸಬೇಕು. 10 ಸೆಂ.ಮೀ. ಎತ್ತರದಿಂದ ಬಿಟ್ಟು ಕುಳಿಯ ಅಗಲ ಅಳೆಯಿರಿ. ಅದರ ಎರಡರಷ್ಟು ಅಗಲದ ಕುಳಿಗೆ ಎಷ್ಟು ಎತ್ತರದಿಂದ ಬಿಡಬೇಕೆಂದು ಕೇಳಿ, ಊಹೆಯನ್ನು ಮೊದಲೇ ಬರೆಸಿಕೊಳ್ಳಿ. 20 ಅನ್ನುವವರು, 40 ಅನ್ನುವವರು ಬಹಳ ಜನ. ಬೇಕಾಗುವುದು ಸುಮಾರು 160.