ಕಂತು ತಪ್ಪಿತೆಂದು ನಾದಿನಿಗೆ ಫೋನ್ ಮಾಡುವವರಿದ್ದಾರೆ, ಎಚ್ಚರ

ಆ್ಯಪ್‌ನಲ್ಲಿ ಸಾಲ ಪಡೆದ ಮಹಿಳೆಯೊಬ್ಬಳ ಖಾತೆಯಿಂದ ತಿಂಗಳ 5ಕ್ಕೆ ಕಂತು ಕಡಿತವಾಗಬೇಕಿತ್ತು. ಖಾತೆಯಲ್ಲಿ ಹಣ ಸಾಲದೆ ಬೌನ್ಸ್ ಆಯಿತು. 7ರ ಬೆಳಿಗ್ಗೆ ಏಳೂವರೆಗೆ ಮೊದಲ ಕರೆ. ಮಧ್ಯಾಹ್ನದೊಳಗೆ ಊರಿನಲ್ಲಿರುವ ನಾದಿನಿಗೆ ಕರೆ: "ನಿಮ್ಮ ಅತ್ತಿಗೆ ಸಾಲ ತಗೊಂಡು ಫೋನ್ ಎತ್ತುತ್ತಿಲ್ಲ. ರೆಫರೆನ್ಸ್‌ಗೆ ನಿಮ್ಮ ನಂಬರ್ ಕೊಟ್ಟಿದ್ದಾರೆ, ನೀವೇ ಕಟ್ಟಿ." ಸಂಜೆ ಫ್ಯಾಕ್ಟರಿಯ ಎಚ್‌ಆರ್‌ಗೆ. ಮರುದಿನ ವಾಟ್ಸ್‌ಆ್ಯಪ್‌ನಲ್ಲಿ ಹೊಸದೊಂದು ಗ್ರೂಪ್, ಅದರಲ್ಲಿ ನೆಂಟರು, ಸಹೋದ್ಯೋಗಿಗಳು, ಗ್ಯಾಸ್ ತರುವ ಹುಡುಗ, ಜೊತೆಗೆ ಆಕೆಯ ಆಧಾರ್ ಫೋಟೊ. ಹೆದರಿದ ಆಕೆ ವಸೂಲಿ ಏಜೆಂಟ್ ಕಳಿಸಿದ ಯುಪಿಐ ಐಡಿಗೆ 6,000 ರೂಪಾಯಿ ಹಾಕಿ, ಅವಮಾನ ತಾಳಲಾರದೆ ಗ್ರೂಪ್ ಅಳಿಸಿ, ಆ್ಯಪ್ ಕಿತ್ತುಹಾಕುತ್ತಾಳೆ. ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಆ 6,000 ಜಮೆಯಾಗಿರುವುದಿಲ್ಲ. ದೂರು ಕೊಡೋಣವೆಂದರೆ ಸಾಕ್ಷಿಯೂ ಕೈಯಲ್ಲಿಲ್ಲ.

ಊರು, ಮೊತ್ತ ಬದಲಾಗುತ್ತವೆ, ಉಳಿದದ್ದು ಬಹುತೇಕ ಇದೇ ಕ್ರಮದಲ್ಲಿ ನಡೆಯುತ್ತದೆ. ಸಾಲ ಬಾಕಿ ಇರುವುದು ನಿಜ, ಅದನ್ನು ಕಟ್ಟಲೇಬೇಕು. ಆದರೆ ಆ ಬಾಕಿಯ ಸುದ್ದಿಯನ್ನು ಊರಿಗೆಲ್ಲ ಹಂಚುವ ಹಕ್ಕು ಸಾಲ ಕೊಟ್ಟವರಿಗೆ ಇಲ್ಲ.

ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಗೆ ಕೊಟ್ಟ ಸೂಚನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಾಲಗಾರರನ್ನು ಸಾರ್ವಜನಿಕವಾಗಿ ಅವಮಾನಿಸುವಂತಿಲ್ಲ. ಅವರ ಮನೆಯವರು, ಸ್ನೇಹಿತರು, ರೆಫರೆನ್ಸ್ ಎಂದು ಅವರು ಹೆಸರು, ನಂಬರ್ ಕೊಟ್ಟವರ ಖಾಸಗಿತನಕ್ಕೆ ಕೈ ಹಾಕುವಂತಿಲ್ಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಏಜೆಂಟ್ ಹೊರಗಿನವನಾದರೂ ಅವನ ನಡತೆಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ. "ಅದು ಏಜೆನ್ಸಿಯವರು ಮಾಡಿದ್ದು" ಎಂದು ಕಸ್ಟಮರ್ ಕೇರ್ ಹೇಳಿದರೆ ಒಪ್ಪಬೇಡಿ.

ಮೈಕ್ರೋಫೈನಾನ್ಸ್ ಸಾಲಕ್ಕೆ ಬೇರೆ ನಿಯಮವಿದೆ, ಅದು ಇನ್ನೂ ಬಿಗಿ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಈ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಕರೆಯ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 6. ಸಾಲಗಾರರ ಹೆಸರು ಪ್ರಕಟಿಸುವುದು, ನೆಂಟರನ್ನೋ ಜೊತೆ ಕೆಲಸ ಮಾಡುವವರನ್ನೋ ಕಾಡುವುದು ಹೆಸರಿಸಿಯೇ ನಿಷೇಧಿಸಿದ ಕೃತ್ಯಗಳು. ಕಂತು ಕಟ್ಟುವ ಜಾಗವನ್ನು ಇಬ್ಬರೂ ಸೇರಿ ಗೊತ್ತುಮಾಡಬೇಕು. ಅಲ್ಲಿಗೆ ಸತತ ಎರಡು ಬಾರಿ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಸಂಘದ ಸಾಲದಲ್ಲಿ ಒಂದು ಸೂಕ್ಷ್ಮವಿದೆ. ಸದಸ್ಯರು ಒಬ್ಬರಿಗೊಬ್ಬರು ಜಾಮೀನು ನಿಂತಿದ್ದರೆ ಬಾಕಿ ಅವರಿಗೆ ಗೊತ್ತಾಗುವುದು ಸಹಜ, ಅದರ ಮೇಲೆ ದೂರು ನಿಲ್ಲುವುದಿಲ್ಲ. ಅದೇ ಬಾಕಿಯನ್ನು ಪಕ್ಕದ ಮನೆಯ ಜಗಲಿಯಲ್ಲಿ ಕೂತು ಕೂಗಿ ಹೇಳಿದರೆ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದರೆ ನಿಯಮ ಮುರಿದಂತೆಯೇ.

ಹಾಗಾದರೆ ಯಾರಿಗೆ ಹೇಳಬಹುದು? ಜಾಮೀನುದಾರರಿಗೆ, ಜಂಟಿ ಸಾಲಗಾರರಿಗೆ ಹೇಳಬಹುದು, ಏಕೆಂದರೆ ಕಾನೂನಿನಂತೆ ಅವರೂ ಹೊಣೆಗಾರರು. ಸಾಲ ಮರುಪಾವತಿಯ ದಾಖಲೆ ಇಡುವ ಸಿಬಿಲ್‌ನಂಥ ಕ್ರೆಡಿಟ್ ಸಂಸ್ಥೆಗಳಿಗೆ ತಿಳಿಸಬಹುದು, ತಿಳಿಸಲೇಬೇಕು. ಕೋರ್ಟಿಗೆ ಹೋಗಬಹುದು. ಮನೆ ಅಡವಿಟ್ಟ ಸಾಲದಲ್ಲಿ ಬ್ಯಾಂಕುಗಳಿಗೆ ಅಡವಿನ ಆಸ್ತಿ ವಶಪಡಿಸಿಕೊಳ್ಳುವ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ ಆಸ್ತಿ ವಶಕ್ಕೆ ಪಡೆದಾಗ ಎರಡು ಪತ್ರಿಕೆಗಳಲ್ಲಿ ನೋಟಿಸ್ ಹಾಕಿಸುವುದೂ ಕಾನೂನುಬದ್ಧ. ಇವುಗಳ ಮೇಲೆ ಖಾಸಗಿತನದ ದೂರು ಕೊಟ್ಟು ಸಮಯ ಕಳೆಯಬೇಡಿ. ರೆಫರೆನ್ಸ್ ಎಂದು ಹೆಸರು ಕೊಟ್ಟವರು ಈ ಯಾವ ಪಟ್ಟಿಗೂ ಸೇರುವುದಿಲ್ಲ. ಅವರು ಎಲ್ಲಿಯೂ ಸಹಿ ಹಾಕಿಲ್ಲ, ಒಂದು ರೂಪಾಯಿಯ ಹೊಣೆಯೂ ಅವರ ಮೇಲಿಲ್ಲ.

ಆ್ಯಪ್ ಸಾಲದಲ್ಲಿ ತೊಂದರೆಯ ಬೇರು ಕಾಂಟ್ಯಾಕ್ಟ್ ಪಟ್ಟಿ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮದಂತೆ, ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್, ಕಾಲ್ ಲಾಗ್, ಫೋಟೊ ಫೈಲುಗಳನ್ನು ಮುಟ್ಟಬಾರದು. ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆಗಾಗಿ ಕ್ಯಾಮೆರಾ, ಮೈಕ್, ಲೊಕೇಶನ್‌ಗಳನ್ನು ನಿಮ್ಮ ಒಪ್ಪಿಗೆ ಪಡೆದು ಒಂದು ಸಲ ಮಾತ್ರ ಬಳಸಬಹುದು. ಇನ್‌ಸ್ಟಾಲ್ ಆದ ತಕ್ಷಣ ಕಾಂಟ್ಯಾಕ್ಟ್ ಅನುಮತಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಈಗಾಗಲೇ ಕೊಟ್ಟಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಆ ಆ್ಯಪ್‌ನ ಹೆಸರು, ಪರ್ಮಿಶನ್ಸ್ ತೆರೆದು ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಆಫ್ ಮಾಡಿ. ಅನುಮತಿ ಕೇಳಿದ್ದಕ್ಕೆ ಆ ಚಿತ್ರವೇ ಪುರಾವೆ. ಆಫ್ ಮಾಡಿದ ಮಾತ್ರಕ್ಕೆ ಅವರ ಸರ್ವರ್‌ಗೆ ಆಗಲೇ ಹೋದ ನಂಬರುಗಳು ಅಳಿಯುವುದಿಲ್ಲ. ಒಪ್ಪಿಗೆ ಹಿಂಪಡೆದಿದ್ದೇನೆ, ಮಾಹಿತಿ ಅಳಿಸಿ ಎಂದು ಬರೆದು ಕೇಳುವ ಹಕ್ಕು ಅದೇ ನಿಯಮದಲ್ಲಿದೆ. ಆ್ಯಪ್ ತೆಗೆಯುವ ಮುನ್ನ ಸಾಲದ ಕರಾರು, ಕಂತಿನ ಪಟ್ಟಿ, ಬಡ್ಡಿ ಹಾಗೂ ಶುಲ್ಕ ತೋರಿಸುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿಕೊಳ್ಳಿ. ಯಾರಿಗೆ ದೂರು ಕೊಡಬೇಕೆಂಬ ಅಧಿಕಾರಿಯ ವಿವರ ಆ ಸ್ಟೇಟ್‌ಮೆಂಟ್‌ನಲ್ಲೇ ಇರುತ್ತದೆ.

ಸಾಕ್ಷಿ ಕೂಡಿಡುವಾಗ ಹೆಚ್ಚಿನವರು ಎಡವುವುದು ಸಣ್ಣ ವಿಷಯದಲ್ಲಿ. ಏಜೆಂಟ್‌ನ ನಂಬರನ್ನು 'ಲೋನ್ ಏಜೆಂಟ್' ಎಂದು ಸೇವ್ ಮಾಡಿಕೊಂಡಿರುತ್ತಾರೆ, ಸ್ಕ್ರೀನ್‌ಶಾಟ್‌ನಲ್ಲಿ ಆ ಹೆಸರಷ್ಟೇ ಬರುತ್ತದೆ, ನಂಬರ್ ಕಾಣುವುದಿಲ್ಲ. ಹತ್ತು ಅಂಕಿಯೂ, ತಾರೀಖೂ, ಹೊತ್ತೂ ಕಾಣುವಂತೆ ತೆಗೆಯಿರಿ. ಗ್ರೂಪ್ ಮಾಡಿದ್ದರೆ ಹೊರಬರುವ ಮುನ್ನ ಗ್ರೂಪ್ ಇನ್ಫೊ ತೆರೆದು ಅದನ್ನು ರಚಿಸಿದ ನಂಬರ್, ಸದಸ್ಯರ ಪಟ್ಟಿ ತೆಗೆದುಕೊಂಡು ಚಾಟ್ ಎಕ್ಸ್‌ಪೋರ್ಟ್ ಮಾಡಿ. ನೆಂಟರಿಗೆ ಬಂದ ಕರೆಯ ಪುರಾವೆ ನಿಮ್ಮ ಫೋನಿನಲ್ಲಿ ಇರುವುದಿಲ್ಲ. ಅವರ ಕಾಲ್ ಲಾಗ್‌ನ ಚಿತ್ರ, ಏಜೆಂಟ್ ಏನು ಹೇಳಿದ ಎಂದು ಅವರದೇ ಮಾತಿನಲ್ಲಿ ನಾಲ್ಕು ಸಾಲು, ಅದೇ ದಿನ ಕೇಳಿ ಪಡೆಯಿರಿ. ವಾರ ಕಳೆದರೆ ಮಾತು ಮರೆತುಹೋಗುತ್ತದೆ.

ದೂರನ್ನು ಮೊದಲು ಸಾಲ ಕೊಟ್ಟ ಸಂಸ್ಥೆಗೇ ಇಮೇಲ್‌ನಲ್ಲಿ ಕಳಿಸಿ. ಉದ್ದ ಬೇಡ. ಹೀಗಿದ್ದರೆ ಸಾಕು: "ನನ್ನ ಸಾಲದ ಖಾತೆ ಸಂಖ್ಯೆ ಇಂತಿಂಥದ್ದು. ಇಂಥ ದಿನ, ಇಷ್ಟು ಹೊತ್ತಿಗೆ, ಈ ನಂಬರಿನಿಂದ ನನ್ನ ನಾದಿನಿಗೆ ಕರೆ ಮಾಡಿ ನನ್ನ ಬಾಕಿಯ ವಿವರ ಹೇಳಲಾಗಿದೆ. ಆಕೆ ಜಾಮೀನುದಾರರಲ್ಲ. ಈ ಏಜೆಂಟ್‌ನ ಹೆಸರು, ಏಜೆನ್ಸಿಯ ಹೆಸರು ತಿಳಿಸಿ. ಮೂರನೆಯವರಿಗೆ ಕರೆ ನಿಲ್ಲಿಸಿ. ಬಾಕಿ ಕಟ್ಟಲು ಇಷ್ಟು ಕಾಲಾವಕಾಶ ಕೋರುತ್ತೇನೆ." ಕೊನೆಯ ಸಾಲನ್ನು ಬಿಡಬೇಡಿ. ಕಟ್ಟುವ ಮನಸ್ಸಿದೆ ಎಂಬುದು ದಾಖಲೆಯಲ್ಲಿರಲಿ.

30 ದಿನದೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ಗ್ರಾಹಕರ ದೂರು ಇತ್ಯರ್ಥಪಡಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅದರ ದೂರು ಪೋರ್ಟಲ್ ಆದ ಸಿಎಂಎಸ್‌ನಲ್ಲಿ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ ಸಹಾಯವಾಣಿ 14448. ಸಂಸ್ಥೆಗೆ ಬರೆಯದೆ ನೇರ ಇಲ್ಲಿಗೆ ಬಂದರೆ ದೂರು ತಿರಸ್ಕೃತವಾಗುತ್ತದೆ. ಸೌಹಾರ್ದ ಅಥವಾ ಪತ್ತಿನ ಸಹಕಾರ ಸಂಘದ ಸಾಲವಾದರೆ ಈ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಸಹಕಾರ ಸಂಘಗಳ ನಿಬಂಧಕರ ಕಚೇರಿಗೆ ಹೋಗಬೇಕು. ಸುಸ್ತಿದಾರರ ಫೋಟೊ ಬೋರ್ಡಿಗೆ ಹಾಕುವುದು ಅವರ ಘನತೆ, ಖಾಸಗಿತನಕ್ಕೆ ಧಕ್ಕೆ ಎಂದು ಕೇರಳ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ್ದು ಇಂಥದೇ ಒಂದು ಸಹಕಾರ ಸಂಘದ ಪ್ರಕರಣದಲ್ಲಿ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮ್ಮವರಿಗೆ ನೆನಪಿರಲಿ.

ಬೆದರಿಕೆ, ತಿರುಚಿದ ಫೋಟೊ ಬಂದರೆ 30 ದಿನ ಕಾಯುವ ಮಾತೇ ಇಲ್ಲ. ಅಂದೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಗೂ ದೂರು ಕೊಡಿ. ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ, ಮಾನಹಾನಿಗೆ 356, ಅಶ್ಲೀಲ ಚಿತ್ರ ಹರಡಿದರೆ ಐಟಿ ಕಾಯ್ದೆಯ 67. ಇನ್ನು ನೋಂದಣಿಯೇ ಇಲ್ಲದ ಲೇವಾದೇವಿಯವರ ಕಾಟವಿದ್ದರೆ, ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ತಂದ ಕಿರುಸಾಲ ಕಾನೂನು ಇದೆ. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಸಾಲ ಕೊಟ್ಟವರು ಯಾರು, ನೋಂದಣಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಅನಧಿಕೃತ ಆ್ಯಪ್ ಎಂದು ಕಂಡರೆ ಅಕ್ರಮ ಹಣಕಾಸು ವ್ಯವಹಾರದ ದೂರಿಗಾಗಿ ರಿಸರ್ವ್ ಬ್ಯಾಂಕ್ ನಡೆಸುವ ಸಚೇತ್ ಪೋರ್ಟಲ್‌ನಲ್ಲೂ ತಿಳಿಸಿ.

ಹಣ ಕಟ್ಟುವುದಾದರೆ ಸಂಸ್ಥೆಯ ಖಾತೆಗೇ ಕಟ್ಟಿ, ರಸೀದಿ ಪಡೆಯಿರಿ. ಏಜೆಂಟ್‌ನ ಸ್ವಂತ ಯುಪಿಐಗೆ ಬೇಡವೇ ಬೇಡ.

ಕಂತು ತಪ್ಪುವ ಸೂಚನೆ ಸಿಕ್ಕ ಕೂಡಲೇ ಮನೆಯವರಿಗೆ, ರೆಫರೆನ್ಸ್ ಎಂದು ಹೆಸರು ಕೊಟ್ಟವರಿಗೆ ನೀವೇ ಹೇಳಿಬಿಡಿ. ಕಷ್ಟದ ಮಾತು ನಿಜ, ಆದರೆ ಏಜೆಂಟ್‌ನ ಬಾಯಿಂದ ಕೇಳುವುದಕ್ಕಿಂತ ಅವರಿಗೂ ಅದೇ ವಾಸಿ. ಕರೆ ಬಂದರೆ ಅವರು ಹೇಳಬೇಕಾದ್ದು ಇಷ್ಟೇ: "ನಾನು ಜಾಮೀನು ನಿಂತಿಲ್ಲ. ನಿಮ್ಮ ಹೆಸರು, ಏಜೆನ್ಸಿಯ ಹೆಸರು ಹೇಳಿ." ಉತ್ತರ ಕೊಡದೆ ಫೋನ್ ಇಟ್ಟರೆ ಆ ನಂಬರ್, ಹೊತ್ತು ಬರೆದಿಟ್ಟುಕೊಂಡು ನಿಮಗೆ ಕಳಿಸಲಿ. ಮತ್ತೆ ಮತ್ತೆ ಕರೆ ಮಾಡಿ ಬೈದರೆ ಅವರೂ ತಮ್ಮ ಹೆಸರಿನಲ್ಲೇ ಪೊಲೀಸರಿಗೆ ದೂರು ಕೊಡಬಹುದು.