ವಾರದ ಪಾಳಿಯೋ, ವಿಭಾಗ ಹಂಚಿಕೆಯೋ: ಮಲ್ಪೆಯ ಹಳೇ ಹೋಟೆಲಿನಲ್ಲಿ ಎರಡನ್ನೂ ನಡೆಸಿ ನೋಡಿದ್ದು

ಮಲ್ಪೆ ಕಡಲ ಬದಿಯ ಈ ಹಂಚಿನ ಮಾಡಿನ ಹೋಟೆಲನ್ನು ಹಿರಿಯರಿಂದ ನಾವು ಮೂವರು ಗೆಳೆಯರು ವಹಿಸಿಕೊಂಡಾಗ ಬಂಡವಾಳ ಸಮ ಇತ್ತು. ಕೆಲಸವೂ ಸಮ ಇರಲಿ ಎಂದು ವಾರದ ಪಾಳಿ ಹಾಕಿಕೊಂಡೆವು. ನನ್ನ ವಾರದಲ್ಲಿ ಮೀನು ತರುವುದರಿಂದ ಹಿಡಿದು ರಾತ್ರಿ ಗಲ್ಲೆಯ ಲೆಕ್ಕ ಮುಗಿಸುವವರೆಗೆ ಎಲ್ಲ ನನ್ನದೇ. ಆಮೇಲೆ ವಿಭಾಗ ಹಂಚಿಕೊಂಡೆವು: ಒಬ್ಬನಿಗೆ ಮೀನು, ಒಬ್ಬನಿಗೆ ಅಡುಗೆಮನೆ, ನನಗೆ ಗಲ್ಲೆ. ಎರಡನ್ನೂ ಮಳೆಗಾಲ ದಾಟಿಸಿ ನೋಡಿದ್ದೇವೆ. ನನ್ನ ಮತ ವಿಭಾಗ ಹಂಚಿಕೆಗೇ, ಆದರೆ ಪಾಳಿಯ ಒಂದು ಗುಣವನ್ನು ಅದರೊಳಗೆ ಉಳಿಸಿಕೊಳ್ಳಬೇಕು.

ವ್ಯತ್ಯಾಸ ಮೊದಲು ಕಂಡದ್ದು ಬಂದರಿನಲ್ಲಿ. ಏಲಂ ಯಾರಿಗಾಗಿಯೂ ಕಾಯುವುದಿಲ್ಲ. ಬುಟ್ಟಿ ಕೆಳಗಿಟ್ಟ ಕೂಡಲೇ ದರ ಕೂಗಲು ಶುರು. ಅಷ್ಟರೊಳಗೆ ಬಂಗುಡೆಯ ಕಿವಿರು ಎತ್ತಿ ಕೆಂಪು ನೋಡಬೇಕು, ಬೆನ್ನು ಒತ್ತಿ ಬೆರಳಿನ ಗುಳಿ ಉಳಿಯುತ್ತದೋ ನೋಡಬೇಕು, ಕಣ್ಣು ಮಂಕಾಗಿದ್ದರೆ ಕೈ ಬಿಡಬೇಕು. ಇದು ಮೂವರಿಗೂ ಗೊತ್ತು. ಆದರೆ ಪಾಳಿಯಲ್ಲಿ ವಾರ ವಾರ ಹೊಸ ಮುಖ ಹೋಗಿ ನಿಂತರೆ ಸಿಗುವುದು ಉಳಿದ ಮಾಲು. ಈಗ ದಿನಾ ಒಬ್ಬನೇ ಹೋಗುತ್ತಾನೆ. ಕೂಗುವವರೇ ಅವನಿಗೆ, ‘ಇವತ್ತು ಈ ಅಂಜಲ್ ಬೇಡ, ಆಚೆ ಬೋಟಿನದ್ದು ನೋಡಿ’ ಎಂದು ಹೇಳಿ ಕಳಿಸುತ್ತಾರೆ. ಆ ಒಂದು ಮಾತಿನ ಬೆಲೆ ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯಲಾಗದು.

ಅಡುಗೆಮನೆಯಲ್ಲಂತೂ ಪಾಳಿ ಹಳೇ ಗಿರಾಕಿಗಳ ಸಹನೆ ಪರೀಕ್ಷಿಸಿತು. ಮಸಾಲೆಯ ಅಳತೆ ಹಿರಿಯರು ಬರೆದಿಟ್ಟದ್ದೇ. ಹುರಿಯುವ ಹದ ಮಾತ್ರ ಕೈಯಿಂದ ಕೈಗೆ ಬೇರೆ. ಒಬ್ಬನ ವಾರದಲ್ಲಿ ಕೊತ್ತಂಬರಿ ಕಪ್ಪಗಾಗುವವರೆಗೆ ಬಾಣಲೆಯಲ್ಲಿ, ಇನ್ನೊಬ್ಬನ ವಾರದಲ್ಲಿ ಘಮ ಬಂದ ತಕ್ಷಣ ಕೆಳಗೆ. ಬ್ಯಾಡಗಿ ಮೆಣಸಿನ ಬಣ್ಣ ಒಂದೇ, ಗಸಿಯ ರುಚಿ ಎರಡು. ತಂದೆಯ ಕಾಲದಿಂದ ಬರುವವರು ನೀರುದೋಸೆಯ ತಟ್ಟೆ ಮುಂದಿಟ್ಟುಕೊಂಡು, ‘ಇವತ್ತು ಒಳಗೆ ಯಾರು?’ ಎಂದು ಕೇಳಿದ ಮೇಲೆ ಚರ್ಚೆಗೆ ಜಾಗ ಉಳಿಯಲಿಲ್ಲ. ಇಷ್ಟು ಹಳೆಯ ಹೋಟೆಲಿಗೆ ಜನ ಬರುವುದೇ ನೆನಪಿನಲ್ಲಿರುವ ರುಚಿಗೆ.

ಪಾಳಿಯಲ್ಲಿ ಒಳ್ಳೆಯದೂ ಇತ್ತು. ಒಲೆಯ ಸೆಕೆ, ಬೆಳಗಿನ ಜಾವದ ಬಂದರು, ಭಾನುವಾರದ ನೂಕುನುಗ್ಗಲು, ಇವೆಲ್ಲ ಹೇಗಿರುತ್ತವೆಂದು ಮೂವರಿಗೂ ಮೈಯಲ್ಲೇ ಗೊತ್ತಾಯಿತು. ವಿಭಾಗ ಹಂಚಿಕೊಂಡ ಮೇಲೆ ಗಲ್ಲೆಯಲ್ಲಿ ಫ್ಯಾನ್ ಕೆಳಗೆ ಕೂತ ನಾನು ಅಂಜಲ್ ದರ ಏಕೆ ಏರಿತೆಂದು ಕೇಳಿದರೆ ಮೀನಿನವನಿಗೆ ಅದು ಅನುಮಾನದಂತೆ ಕೇಳಿಸುತ್ತಿತ್ತು. ಅದಕ್ಕೆ ಈಗ ತಿಂಗಳಿಗೊಮ್ಮೆ ಒಂದು ದಿನ ಜಾಗ ಬದಲಿಸುತ್ತೇವೆ. ಮಸಾಲೆ ಹುರಿಯುವುದು ಮಾತ್ರ ಆ ದಿನವೂ ಅಡುಗೆಮನೆಯವನದೇ.

ದುಡ್ಡಿನ ವಿಷಯದಲ್ಲಿ ಪಾಳಿಯ ಕಾಲಕ್ಕೆ ಲಾಭ ಸಮಪಾಲು, ಸಂಬಳ ಇಲ್ಲ. 1932ರ ಪಾಲುದಾರಿಕೆ ಕಾಯ್ದೆಯೂ ಬೇರೆ ಒಪ್ಪಂದ ಇಲ್ಲದಿದ್ದರೆ ಇದನ್ನೇ ಹೇಳುತ್ತದೆ. ವಿಭಾಗ ಹಂಚಿದ ಮೇಲೆ ಅದು ಒಗ್ಗಲಿಲ್ಲ. ನಸುಕಿಗೆ ಏಳುವವನಿಗೂ ಹತ್ತಕ್ಕೆ ಬರುವ ನನಗೂ ಒಂದೇ ಮೊತ್ತ ಎಂದರೆ ನನಗೇ ಕಸಿವಿಸಿ. ಮೊದಲು ಕೆಲಸಕ್ಕೆ ತಕ್ಕ ಸಂಬಳ, ಉಳಿದದ್ದು ಸಮಪಾಲು ಎಂದು ಪಾಲುದಾರಿಕೆ ಪತ್ರದಲ್ಲಿ ಬರೆಸಿದೆವು. ಇದರ ತೊಡಕು ಮಳೆಗಾಲದಲ್ಲಿ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿ ತಂದಷ್ಟೇ ತಾಜಾ ಮೀನು, ಉಳಿದಂತೆ ಒಣ ಸಿಗಡಿ ಚಟ್ನಿ, ಆಟಿ ತಿಂಗಳ ಪತ್ರೊಡೆ. ಆ ಎರಡು ತಿಂಗಳು ನಮ್ಮ ಸಂಬಳ ಅರ್ಧ, ಕೆಲಸದವರದ್ದು ಪೂರ್ತಿ.

ಇಬ್ಬರೇ ಇದ್ದು ಚಹಾ, ಬನ್ಸ್, ಗೋಳಿಬಜೆಯ ಸಣ್ಣ ಅಂಗಡಿಯಾದರೆ ಪಾಳಿಯೇ ಸಾಕು, ರಜೆಯೂ ಸಿಗುತ್ತದೆ. ಮೀನಿನ ಹೋಟೆಲಿಗೆ ಬೇಡ. ಯಾವುದನ್ನು ಆರಿಸಿಕೊಂಡರೂ ಪತ್ರ ಮಾಡಿಸಿಕೊಳ್ಳಿ. ಪತ್ರದಲ್ಲಿ ಹೇಳದಿದ್ದರೆ ಪಾಲುದಾರನೊಬ್ಬ ತೀರಿಕೊಂಡಾಗ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ನಮ್ಮ ಪತ್ರದಲ್ಲಿ ಅದಕ್ಕೂ ಒಂದು ಕಲಮು ಇದೆ: ಯಾರು ಬಿಟ್ಟು ಹೋದರೂ, ಯಾರು ಇಲ್ಲವಾದರೂ ಪಾಲು ಹಣದ ರೂಪದಲ್ಲಿ ಸಲ್ಲುತ್ತದೆ; ಹೋಟೆಲಿನ ಹೆಸರು ಮತ್ತು ಮಸಾಲೆಯ ಪುಸ್ತಕ ಹೋಟೆಲಿನಲ್ಲೇ ಉಳಿಯುತ್ತವೆ.