ಹೊಡೆತ ತಿನ್ನುವ ಅಕ್ಕನಿಗೆ ತಲುಪಿದ್ದು ಯಾವುದು: ಬ್ಲಾಗ್, ವೆಬ್‌ಸೈಟ್, ಚೀಟಿ

ತುಮಕೂರು ಜಿಲ್ಲೆಯ ನಮ್ಮ ಊರಲ್ಲಿ ನಾವು ಆರು ಜನ ಹೆಂಗಸರು ಸೇರಿ ಮನೆಯೊಳಗಿನ ಹೊಡೆತ ಬಡಿತದ ವಿರುದ್ಧ ಕೆಲಸ ಮಾಡುತ್ತಿದ್ದೇವೆ. ಮೊದಲು ಬ್ಲಾಗ್ ಬರೆದೆವು. ಆಮೇಲೆ ಒಂದು ಸಣ್ಣ ವೆಬ್‌ಸೈಟ್ ಮಾಡಿಸಿದೆವು. ಕೊನೆಗೆ ಕಾಗದದ ಚೀಟಿ ಅಚ್ಚು ಹಾಕಿಸಿದೆವು. ಮೂರನ್ನೂ ಮಾಡಿ ನೋಡಿದ್ದೇವೆ. ಇಂಥ ಕೆಲಸಕ್ಕೆ ಇಳಿಯುವವರು ನಮ್ಮನ್ನು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬ್ಲಾಗಿಗೆ ನಮಗೆ ದಾರಿ ತೋರಿಸಿದ್ದು ಹೆಂಗಸರ ಹಕ್ಕಿಗಾಗಿ ದುಡಿಯುವ ಬ್ರೇಕ್‌ಥ್ರೂ ಸಂಸ್ಥೆ 2008ರಲ್ಲಿ ಶುರು ಮಾಡಿದ ‘ಬೆಲ್ ಬಜಾವೋ’ (ಬೆಲ್ ಒತ್ತಿ) ಅಭಿಯಾನ. ಪಕ್ಕದ ಮನೆಯಿಂದ ಹೊಡೆತದ ಸದ್ದು ಕೇಳಿಸುತ್ತದೆ, ಒಬ್ಬರು ಹೋಗಿ ಬೆಲ್ ಒತ್ತಿ ಏನೋ ಒಂದು ನೆಪ ಹೇಳುತ್ತಾರೆ. ಇಷ್ಟೇ ಕಥೆ. ಅದು ಟಿವಿ, ರೇಡಿಯೊದಲ್ಲಿ ಬಂತು, ವಿಡಿಯೊ ವ್ಯಾನ್ ಕರ್ನಾಟಕಕ್ಕೂ ಬಂತು. ಜೊತೆಗೆ ಜನ ತಾವು ಬೆಲ್ ಒತ್ತಿದ ಅನುಭವ ಬರೆಯೋಕೆ ಬ್ಲಾಗ್ ಇತ್ತು. ನಮಗೂ ಅಂಥದ್ದು ಕನ್ನಡದಲ್ಲಿ ಬೇಕು ಅನ್ನಿಸಿತು.

ಬ್ಲಾಗಿಗೆ ಖರ್ಚಿಲ್ಲ. ಒಂದು ಸಂಜೆಯಲ್ಲಿ ಶುರು ಮಾಡಬಹುದು. ಓದಿದವರು ನಿಜಕ್ಕೂ ಅಲುಗಾಡಿದರು. ‘ಪಕ್ಕದ ಮನೆ ವಿಷಯ ನಮಗ್ಯಾಕೆ’ ಅನ್ನುತ್ತಿದ್ದ ಮೇಷ್ಟ್ರೊಬ್ಬರು, ‘ನಾನು ದೂರು ಕೊಟ್ಟರೆ ನನ್ನ ಮೇಲೇ ಕೇಸ್ ಆಗುತ್ತಾ?’ ಎಂದು ಬಂದು ಕೇಳಿದರು. ಆಗುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ, ಅಂದರೆ ಇಂಥ ಹೆಂಗಸರ ನೆರವಿಗೆ ಸರ್ಕಾರ ನೇಮಿಸಿದ ಅಧಿಕಾರಿಗೆ, ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಹಾಕೋಕೆ ಬರುವುದಿಲ್ಲ. ನಮ್ಮ ಕಡೆ ಆ ಅಧಿಕಾರಿ ಬೇರೆ ಯಾರೋ ಅಲ್ಲ, ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ. ಈ ಒಂದು ಮಾತು ಬರೆದ ಮೇಲೆ ಅಕ್ಕಪಕ್ಕದವರು ಧೈರ್ಯ ಮಾಡಿದ್ದನ್ನು ನಾನೇ ನೋಡಿದ್ದೇನೆ.

ಆದರೆ ಬ್ಲಾಗಿನಲ್ಲಿ ನಾವು ಒಂದು ದೊಡ್ಡ ತಪ್ಪು ಮಾಡಿದೆವು. ಒಬ್ಬಾಕೆಯ ಕಥೆಯನ್ನು ಹೆಸರು ಬದಲಿಸಿ ಹಾಕಿದ್ದೆವು. ಹೆಸರು ಬದಲಾಗಿತ್ತು, ಆದರೆ ಗಂಡನ ಕೆಲಸ, ಮಕ್ಕಳೆಷ್ಟು, ಯಾವ ಹಬ್ಬದ ದಿನ ಹೊಡೆದ ಅನ್ನುವುದೆಲ್ಲ ಹಾಗೇ ಇತ್ತು. ಎರಡೇ ದಿನಕ್ಕೆ ಅವಳ ಊರಿನವರಿಗೆ ಗುರುತು ಸಿಕ್ಕಿತು. ನಾವು ಅಳಿಸಿದೆವು, ಅಷ್ಟರಲ್ಲಿ ಅದರ ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತಿತ್ತು. ಅವಳು ತವರಿಗೆ ಹೋಗಬೇಕಾಯಿತು. ಆ ನೋವು ಈಗಲೂ ನಮ್ಮೆಲ್ಲರಲ್ಲಿ ಇದೆ. ಇನ್ನೂ ನಡೆಯುತ್ತಿರುವ ಹೊಡೆತದ ಕಥೆಗಳನ್ನು ಅವತ್ತಿನಿಂದ ನಾವು ಹಾಕುವುದಿಲ್ಲ. ಬೆಲ್ ಒತ್ತಿದವರ ಅನುಭವ ಮಾತ್ರ ಹಾಕುತ್ತೇವೆ, ಹೊಡೆಸಿಕೊಂಡವರದ್ದಲ್ಲ.

ಇನ್ನೊಂದು ತೊಂದರೆ, ಬ್ಲಾಗಿನ ಬರಹ ಹಳತಾಗುತ್ತದೆ. ಮನೆ ಅತ್ತೆ ಮಾವನ ಹೆಸರಲ್ಲಿದ್ದರೆ ಸೊಸೆಗೆ ಅಲ್ಲಿರುವ ಹಕ್ಕಿಲ್ಲ ಎಂದು ನಾವೇ ಹಿಂದೊಮ್ಮೆ ಬರೆದಿದ್ದೆವು. ಆಗ ಸುಪ್ರೀಂ ಕೋರ್ಟಿನ ಹಳೆಯ ತೀರ್ಪು ಹಾಗಿತ್ತು. 2020ರ ಅಕ್ಟೋಬರಿನಲ್ಲಿ ಅದೇ ಕೋರ್ಟ್ ಅದನ್ನು ಬದಲಿಸಿತು. ಗಂಡನ ಜೊತೆ ಬಾಳಿದ ಮನೆ ಅತ್ತೆ ಮಾವನದ್ದಾಗಿದ್ದರೂ ಅಲ್ಲಿರುವ ಹಕ್ಕನ್ನು ಅವಳು ಕೇಳಬಹುದು. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ 498ಎ ಸೆಕ್ಷನ್ ಕೂಡ ಹಾಗೇ: 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್. ಹಳೆಯ ಬರಹ ಓದಿದವಳು ‘ನನಗೆ ಹಕ್ಕಿಲ್ಲ’ ಎಂದು ಸುಮ್ನೆ ಕೂತುಬಿಟ್ಟರೆ?

ವೆಬ್‌ಸೈಟ್ ಗೆಲ್ಲುವುದು ಇಲ್ಲೇ. ಒಂದೇ ಪುಟ, ಬದಲಾದದ್ದನ್ನು ಅಲ್ಲೇ ತಿದ್ದುತ್ತೇವೆ. ಮೊದಲು ‘ಕೌಟುಂಬಿಕ ದೌರ್ಜನ್ಯ ಮಾಹಿತಿ’ ಎಂದು ತಲೆಬರಹ ಇಟ್ಟಿದ್ದೆವು, ಯಾರೂ ಬರಲಿಲ್ಲ. ಏಟು ತಿಂದವಳು ಆ ಪದ ಹುಡುಕುತ್ತಾಳಾ? ‘ಗಂಡ ಹೊಡೆದರೆ ಏನು ಮಾಡಬೇಕು’ ಎಂದು ಬದಲಿಸಿದ ಮೇಲೆ ಜನ ಬರತೊಡಗಿದರು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕುವವರೂ ಜಾಸ್ತಿ, ಅದನ್ನೂ ಪುಟದಲ್ಲಿ ಸೇರಿಸಿ.

‘ಬೇಗ ಹೊರಗೆ’ ಅನ್ನುವ ಗುಂಡಿಯನ್ನೂ ಇಟ್ಟಿದ್ದೇವೆ. ಓದುವಾಗ ಯಾರಾದರೂ ಬಂದರೆ ಅದನ್ನು ಒತ್ತಬಹುದು, ನಮ್ಮ ಪುಟ ಹೋಗಿ ಹವಾಮಾನದ ಪುಟ ಬರುತ್ತದೆ. ಇದನ್ನೇ ಪೂರ್ತಿ ನಂಬಬೇಡಿ. ಹುಡುಕಿದ ಮಾತು ಫೋನಿನ ಹಿಸ್ಟರಿಯಲ್ಲಿ ಉಳಿದಿರುತ್ತದೆ. ಅದನ್ನು ಪೂರ್ತಿ ಖಾಲಿ ಮಾಡಿದರೂ ಅನುಮಾನ ಬರುತ್ತದೆ, ಅದಕ್ಕೇ ಈ ಪುಟ ಮತ್ತು ಹುಡುಕಿದ ಸಾಲು ಮಾತ್ರ ಅಳಿಸಿ ಎಂದು ಪುಟದ ತುದಿಯಲ್ಲೇ ಬರೆದಿದ್ದೇವೆ. ಹೆಂಗಸರ ಸಹಾಯವಾಣಿ 181ಕ್ಕೆ ಮಾಡಿದ ಕರೆಯೂ ಫೋನಿನಲ್ಲಿ ಕಾಣುತ್ತದೆ ಅಲ್ವಾ, ಆದಷ್ಟು ನಂಬಿಕೆಯವರ ಫೋನಿನಿಂದ ಮಾಡಿ ಎಂದೂ ಬರೆದಿದ್ದೇವೆ.

ಆದರೂ ಒಂದು ಗೋಡೆ ಅಡ್ಡ ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಂಟರ್ನೆಟ್ ಬಳಸಿದ್ದ ಹೆಂಗಸರು ಮೂರರಲ್ಲಿ ಒಬ್ಬರು ಮಾತ್ರ. ಈಗ ಫೋನ್ ಜಾಸ್ತಿ ಆಗಿದೆ, ನಿಜ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಫೋನಿನ ಪಾಸ್‌ವರ್ಡ್ ಗಂಡನಿಗೂ ಗೊತ್ತು. ನಮ್ಮ ಪುಟ ನೋಡಿ ನಮ್ಮನ್ನು ಹುಡುಕಿಕೊಂಡು ಬಂದವರಲ್ಲಿ ಹೆಚ್ಚಿನವರು ಏಟು ತಿಂದವರಲ್ಲ, ಅವರ ತಂಗಿಯಂದಿರು, ಹೆಣ್ಣುಮಕ್ಕಳು. ಬೆಂಗಳೂರಿನ ಪಿಜಿಯಲ್ಲಿರುವ ತಂಗಿ, ಪಿಯುಸಿ ಓದುವ ಮಗಳು. ‘ನಮ್ಮಕ್ಕನಿಗೆ ಏನು ಹೇಳಲಿ?’, ‘ನಮ್ಮಮ್ಮನಿಗೆ ಏನು ಹೇಳಲಿ?’ ಎಂದು ಕೇಳುತ್ತಾರೆ. ಇದು ತಿಳಿಯೋಕೆ ನಮಗೆ ಎರಡು ವರ್ಷ ಬೇಕಾಯಿತು. ಈಗ ಪುಟದ ಅರ್ಧ ಭಾಗ ಅವರಿಗಾಗಿಯೇ ಇದೆ.

ಚೀಟಿಯ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ಬಸ್ ಟಿಕೆಟ್‌ನಷ್ಟು ಅಗಲ, ರವಿಕೆಯೊಳಗೆ ಇಟ್ಟುಕೊಳ್ಳಬಹುದು. ಟೈಲರ್ ಅಂಗಡಿಯಲ್ಲಿ, ಬಸ್ ನಿಲ್ದಾಣದ ಹೆಂಗಸರ ಶೌಚಾಲಯದಲ್ಲಿ ಇಡುತ್ತೇವೆ. ಸಹಾಯವಾಣಿ 181, ತುರ್ತಿಗೆ ಪೊಲೀಸರನ್ನು ಕರೆಯೋಕೆ 112, ಉಚಿತ ವಕೀಲರಿಗೆ 15100, ಇಷ್ಟೇ ಅದರಲ್ಲಿ. ಹೆಂಗಸರಿಗೆ ವಕೀಲರ ನೆರವು ಸಿಗೋಕೆ ಆದಾಯ ನೋಡುವುದಿಲ್ಲ, ಅದನ್ನೂ ಒಂದು ಸಾಲಿನಲ್ಲಿ ಬರೆದಿದ್ದೇವೆ. ಇಟ್ಟ ಚೀಟಿ ವಾರದೊಳಗೆ ಖಾಲಿ ಆಗುತ್ತದೆ.

ಕೈಯಲ್ಲಿ ದುಡ್ಡು, ಜನ ಕಡಿಮೆ ಇದ್ದರೆ ನಾನು ಹೇಳುವುದು ಇದು: ಮೊದಲು ಚೀಟಿ, ಅದರ ಜೊತೆಗೇ ಆ ಒಂದು ಪುಟ. ಅಕ್ಕಪಕ್ಕದವರ ಮನಸ್ಸು ಬದಲಿಸೋಕೆ ಬ್ಲಾಗಿನಷ್ಟು ಒಳ್ಳೆಯದು ಬೇರೆ ಇಲ್ಲ, ಆದರೆ ಪ್ರತಿ ಬರಹವನ್ನೂ ಹಾಕುವ ಮುಂಚೆ ಆ ಊರಿನವರೊಬ್ಬರಿಗೆ ಓದಿಸಿ. ‘ಇದು ಯಾರ ಮನೆಯದು ಅಂತ ಗೊತ್ತಾಗುತ್ತಾ?’ ಎಂದು ಕೇಳಿ. ಅವರು ಒಂದು ಗಳಿಗೆ ಯೋಚಿಸಿದರೂ ಸಾಕು, ನಾವು ಆ ಬರಹ ಬಿಟ್ಟುಬಿಡುತ್ತೇವೆ.